ಪೊಲೀಸರ ಕಾರಿಗೆ ಸೋಡಿ

ಅರ್ಜಿ ತುಂಬುವುದೆಂದರೆ ನನಗೆ ಆಸೆ. ಬೇರೆ ಹೆಂಗಸರಿಗೆ ಹೊಸ ಸೀರೆ ಕಂಡರೆ ಆಗುವುದು ನನಗೆ ಚುಕ್ಕಿಗೆರೆಯ ಖಾಲಿ ಜಾಗ ಕಂಡರೆ ಆಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ನನ್ನ ದುಂಡು ಇಂಗ್ಲಿಷಿಗೆ ಕೊರಟಗೆರೆಯಲ್ಲಿ ಅಗಸನ ಬಟ್ಟೆಪಟ್ಟಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ನಮ್ಮ ಯಜಮಾನರು ಅಲ್ಲಿ ಪೊಲೀಸ್ ಇನ್ಸ್‌ಪೆಕ್ಟರು. ಸ್ವಂತ ದುಡ್ಡಿನಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದರು. ಅದರ ಮೂತಿಗೆ ನಾನು ವಿಭೂತಿ ಎಳೆದು, ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೆ. ಅಷ್ಟು ಸಾಲದೆಂದು ವಿಮೆ ಮಾಡಿಸಲು ತುಮಕೂರಿನಿಂದ ಏಜೆಂಟರೂ ಬಂದರು. ಕಾಯುವ ಕೆಲಸ ಎರಡಕ್ಕೂ ಒಂದೇ. ಆದರೆ ನಿಂಬೆಹಣ್ಣು ಏನನ್ನೂ ಕೇಳುವುದಿಲ್ಲ. ವಿಮೆಯವರು ಹೆಣ್ಣು ನೋಡಲು ಬಂದವರ ಹಾಗೆ ಎಲ್ಲವನ್ನೂ ಕೇಳುತ್ತಾರೆ.

“ಸ್ವಂತಕ್ಕೆ ಮಾತ್ರ ಓಡಿಸೋದಾದ್ರೆ ಪೊಲೀಸರಿಗೆ ದರದಲ್ಲಿ ಸೋಡಿ ಉಂಟು ಸ್ವಾಮಿ, ಕಡಿಮೆ ಕಟ್ಟಿದ್ರಾಯ್ತು. ನಿಮ್ಮ ಗಾಡಿಗೆ ಯಾರು ತಾನೇ ಅಡ್ಡ ಬಂದಾರು?” ಎಂದರು ಏಜೆಂಟರು.

ಯಜಮಾನರ ಮುಖ ಅರಳಿತು. ಅವರಿಗೆ ಅದು ದುಡ್ಡಿನ ಮಾತಾಗಿರಲಿಲ್ಲ. ಎದೆಯ ಮೇಲಿನ ಇನ್ನೊಂದು ಪದಕ. ಏಜೆಂಟರ ಮಾತೂ ಸುಳ್ಳಲ್ಲ. ಮಧುಗಿರಿಯ ರಸ್ತೆಯಲ್ಲಿ ರೈತರು ಹುರುಳಿ ಹರಡುತ್ತಿದ್ದರು, ಬಸ್ಸು ಗಾಡಿಗಳ ಚಕ್ರ ಹರಿದು ಕಾಳು ಉದುರಲೆಂದು. ನಮ್ಮ ಕಾರು ಕಂಡರೆ ಮಾತ್ರ ಎದ್ದುಬಿದ್ದು ಅದನ್ನು ಬದಿಗೆ ಗುಡಿಸುತ್ತಿದ್ದರು. ವಿಚಿತ್ರವೆಂದರೆ, ಓಡುವ ಕಾರಿಗೆ ಹೆದರುತ್ತಿದ್ದ ಈ ಜನ ನಿಂತ ಕಾರಿಗೆ ಚೂರೂ ಹೆದರುತ್ತಿರಲಿಲ್ಲ. ಹಾವು ಕಚ್ಚಲಿ, ಹೆರಿಗೆ ನೋವು ಬರಲಿ, ನೇರ ನಮ್ಮ ಅಂಗಳಕ್ಕೇ ಬರುವರು. ಯಜಮಾನರು ಪೆಟ್ರೋಲಿನ ರೇಷನ್ನನ್ನು ಬೈಯುತ್ತ, ಯುದ್ಧವನ್ನು ಬೈಯುತ್ತ, ಕೊನೆಗೆ ಕೀಲಿ ತೆಗೆದುಕೊಳ್ಳುವರು.

ವಿಮೆಯ ಅರ್ಜಿ ತುಂಬಲು ನಾನೇ ಕೂತೆ. ‘ಕಾರಿನಲ್ಲಿ ಸಾಮಾನ್ಯವಾಗಿ ಕೂರುವವರು ಯಾರು?’ ಎಂಬ ಪ್ರಶ್ನೆ ಬಂತು.

“ಮನೆಯವರು ಅಂತ ಬರಿ,” ಎಂದರು ಯಜಮಾನರು.

ನಾನು ಲೇಖನಿ ಅದ್ದುವಷ್ಟರಲ್ಲಿ ಕೊಳಾಲದ ನಂಜವ್ವ ನುಗ್ಗೆಕಾಯಿಯ ಕಟ್ಟು ಹಿಡಿದು ಬಂದಳು. ಹಿಂದಿನ ವಾರ ಅವಳ ಹಿರೀ ಸೊಸೆಯನ್ನು ಯಜಮಾನರೇ ಮಧುಗಿರಿಯ ಆಸ್ಪತ್ರೆಗೆ ಮುಟ್ಟಿಸಿದ್ದರು.

“ಗಂಡು ಮಗ ಕಣಮ್ಮ! ನಿಮ್ ಕಾರು ತಣ್ಣಗಿರ್ಲಿ. ಸಂಕ್ರಾಂತಿ ಆದ್ಮ್ಯಾಕೆ ಕಿರೀ ಸೊಸೇದೂ ದಿನ ತುಂಬ್ತೈತೆ ಬುದ್ಧೀ, ಆವಾಗ ಕಾರ್ನ ಎಲ್ಗೂ ಕಳಿಸ್ಬುಡ್ಬೇಡಿ.”

ಏಜೆಂಟರು ಕತ್ತೆತ್ತಿದರು. “ಏನೋ ಒಂದು ಸಲ...” ಎಂದು ಯಜಮಾನರು ಕೆಮ್ಮಿದರು.

“ಒಂದ್ ಸಲವಾ?” ನಂಜವ್ವನಿಗೆ ರೇಗಿತು. “ನಮ್ ಮೈದುನುಂಗೆ ಹಾವು ಕಡ್ದಾಗ ಇನ್ಯಾರು ಹೊತ್ಕೊಂಡೋದ್ರು? ಮಾಡಿದ್ ಪುಣ್ಯಾನ ಯಾಕೆ ಮುಚ್ಚಿಡ್ತೀರಿ? ಅಂಗೆಲ್ಲ ಸಣ್ಣೋರಾಗ್ಬ್ಯಾಡಿ!”

ಪಾಪ, ಹೊಗಳಿದಷ್ಟೂ ಅವರ ಸೋಡಿ ಕರಗುತ್ತಿತ್ತು. ಏಜೆಂಟರು ನನ್ನನ್ನು ನೋಡಿದರು. ಯಜಮಾನರೂ ನೋಡಿದರು. ನಾನು ಹಿಂದಿನ ಸೀಟಿನ ಸಂದಿಯಿಂದ ಅಂದು ಬೆಳಿಗ್ಗೆಯಷ್ಟೇ ಆಯ್ದಿದ್ದ, ಆ ಸೊಸೆಯ ಹಸಿರು ಬಳೆಚೂರುಗಳನ್ನು ನೆನೆದೆ. ‘ಯಜಮಾನರು, ನಾನು, ಅತ್ತೆ’ ಎಂದು ಬರೆದು, ಆಮೇಲೆ ನಂಜವ್ವನ ಸೊಸೆ, ಮೈದುನ ಎಂದು ಮುಂದುವರಿಸಿದೆ. ನೆನಪಾದವರೆಲ್ಲ ಮುಗಿಯುವ ಮೊದಲೇ ಚುಕ್ಕಿಗೆರೆ ಮುಗಿಯಿತು.

“ಇದು ಮನೆಯಲ್ಲ ತಾಯಿ, ತಾಲ್ಲೂಕು,” ಎಂದು ಏಜೆಂಟರು ಪೂರ್ತಿ ದರ ಹಾಕಿದರು. ಯಜಮಾನರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನುಗ್ಗೆಕಾಯಿ ಹುಳಿಯನ್ನು ಮಾತ್ರ ಎರಡು ಸಲ ಬಡಿಸಿಕೊಂಡರು.

ಸಂಕ್ರಾಂತಿಯ ಮೇಲೆ ಒಂದು ಮಧ್ಯಾಹ್ನ ಕಿರಿಯ ಸೊಸೆಯನ್ನು ಹೊತ್ತು ನಂಜವ್ವನ ಎತ್ತಿನ ಗಾಡಿ ಬಂತು. ಯಜಮಾನರು ಈ ಸಲ ಪೆಟ್ರೋಲನ್ನಾಗಲಿ ಯುದ್ಧವನ್ನಾಗಲಿ ಬೈಯಲಿಲ್ಲ. ಕೀಲಿ ಹಿಡಿದೇ ಹೊರಗೆ ಬಂದರು. “ಹತ್ತಿಸವ್ವ, ಹತ್ತಿಸು. ನಿಮ್ಮದೂ ಸೇರಿಸಿಯೇ ವಿಮೆ ಕಟ್ಟಿದ್ದೀನಿ!” ಎಂದರು. ಆ ದನಿಯಲ್ಲಿ ಪದಕದ ಗತ್ತೇ ಇತ್ತು.

ಸೊಸೆಯನ್ನು ಆಸ್ಪತ್ರೆಗೆ ಸೇರಿಸಿ ಹಿಂದಿರುಗುವಾಗ ದಾರಿಯಲ್ಲಿ ರೈತರು ಹುರುಳಿ ಗುಡಿಸಲು ಎದ್ದರಂತೆ. “ಇರ್ಲಿ ಬಿಡ್ರಪ್ಪ,” ಎಂದು ಇವರು ಅದರ ಮೇಲೆಯೇ ಮೆಲ್ಲಗೆ ಕಾರು ಹರಿಸಿದರಂತೆ. ಸಂಜೆ ನೋಡಿದೆ, ಟೈರಿನ ಗೀರಿನಲ್ಲಿ ನಾಲ್ಕು ಹುರುಳಿಕಾಳು ಸಿಕ್ಕಿಕೊಂಡಿದ್ದವು. ನಮಗೆ ಅಷ್ಟು ಸೋಡಿ ಸಾಕೆನಿಸಿತು.