ನನಗೆ ಮರಾಠಿ ತಿಳಿಯುತ್ತಿತ್ತು

ಮನಿಷಾ ಚಾಡಿ ಹೇಳಲಿಲ್ಲ, ಅಶ್ವಿನಿ. ನಿನ್ನ ಅಪ್ಪನಿಗೆ ಹೇಳಿದವಳು ನಾನು — ನಿನ್ನ ಅವ್ವ. ಹತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನಗೆ ಊಟ ಬಡಿಸಿದ್ದೇನೆ, ನಿನ್ನ ಬಾಣಂತನ ಮಾಡಿದ್ದೇನೆ.

ನಾನು ಗದಗಿನ ಕಡೆಯವಳು. ಮದುವೆಯಾಗಿ ಅಲಖನೂರಿಗೆ ಬಂದಾಗ ನನಗೆ ಮರಾಠಿಯ ಗಂಧಗಾಳಿ ಇರಲಿಲ್ಲ. ನೀನು ಹಾರೂಗೇರಿಯ ಹೈಸ್ಕೂಲಿನಲ್ಲಿ ಮರಾಠಿ ಮನೆಮಾತಿನ ಮನಿಷಾಳ ಗೆಳೆತನ ಮಾಡಿ, ನೀರು ಕುಡಿದಷ್ಟು ಸಲೀಸಾಗಿ ಕಲಿತುಬಿಟ್ಟೆ. ಸಂಜೆ ರೊಟ್ಟಿ ಬಡಿದು ಮುಗಿಸಿ ನಾನು ಬಂದು ಕೂತರೆ ನೀನು ಟಿವಿಯಲ್ಲಿ ಮರಾಠಿ ಹಾಸ್ಯದ ಕಾರ್ಯಕ್ರಮ ಹಚ್ಚುತ್ತಿದ್ದೆ. ರವಿವಾರ ಮಧ್ಯಾಹ್ನ ಸಿನಿಮಾ. ಒಂದೊಂದು ನಗೆಮಾತನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವೆ — ಹೇಳುವುದೇನು, ಎದ್ದು ನಿಂತು ಅತ್ತೆಯಾಗಿ, ಸೊಸೆಯಾಗಿ, ಕುಡುಕನಾಗಿ ಮಾಡಿ ತೋರಿಸುವೆ. ಅಷ್ಟರಲ್ಲಿ ಮುಂದಿನದು ನಿನಗೇ ತಪ್ಪಿಹೋಗುತ್ತಿತ್ತು. ನೀನು ಅದನ್ನು ಲೆಕ್ಕಿಸಲಿಲ್ಲ.

ವರ್ಷ ತುಂಬುವುದರೊಳಗೆ ನನಗೆ ಎಲ್ಲ ತಿಳಿಯತೊಡಗಿತ್ತು. ಆದರೆ ಹಾಗೆಂದರೆ ನೀನು ಹೇಳುವುದನ್ನೇ ಬಿಡುತ್ತೀ — ಆ ಆಸೆಬುರುಕತನಕ್ಕೆ ಸೆರಗು ಬಾಯಿಗೆ ಒತ್ತಿ ನಗು ತಡೆದು, ನೀನು ಹೇಳಿದ ಮೇಲೆಯೇ ನಗುತ್ತಿದ್ದೆ. ಎಷ್ಟು ಸಲ ಸುಳ್ಳೇ ಕೆಮ್ಮಿದ್ದೇನೋ! ಆ ಸಂಜೆಗಳಂಥ ಸುಖ ನಾನು ಮತ್ತೆ ಕಂಡಿಲ್ಲ.

ನಿನ್ನ ಪಿಯುಸಿ ಮುಗಿದ ಬೇಸಿಗೆ. ಟಿವಿ ಮುಂದೆ ಕೂತಿದ್ದಾಗಲೇ ಮನಿಷಾಳ ಫೋನ್ ಬಂತು. ನೀನು ನನ್ನ ಮಗ್ಗುಲಿನಿಂದ ಏಳಲೂ ಇಲ್ಲ, ನನ್ನ ತೊಡೆಯ ಮೇಲೆ ಕಾಲು ಚಾಚಿಕೊಂಡೇ ಅಂದೆ —

"ಬೋಲ್ ಗ, ಆಈಲಾ ಕಳತ್ ನಾಹೀ."

ಮಾತಾಡು, ಅವ್ವನಿಗೆ ತಿಳಿಯುವುದಿಲ್ಲ. ತಿಳಿಯಿತು. ಮಿರಜದಲ್ಲಿ ನರ್ಸಿಂಗ್ ಓದಲು ಇಬ್ಬರೂ ಅರ್ಜಿ ಹಾಕಿದ್ದು, ಸೋಮವಾರ ಅಪ್ಪನಿಗೆ ಹೇಳದೆ ಸಂದರ್ಶನಕ್ಕೆ ಹೋಗುವುದು, ಸೀಟು ಸಿಕ್ಕರೆ ಅಲ್ಲೇ ಹಾಸ್ಟೆಲಿನಲ್ಲಿ ಇರುವುದು... ಮಿರಜವೇನು ದೂರವೇ? ಆದರೂ ನನ್ನ ಮಗ್ಗುಲು ಬರಿದಾಗುತ್ತದೆ ಎಂಬುದೊಂದೇ ತಲೆಯಲ್ಲಿ. ಅಂದೇ ನಿನ್ನ ಅಪ್ಪನ ಕಿವಿಗೆ ಹಾಕಿದೆ. ನನ್ನ ಹೆಸರು ತರಬೇಡಿ ಎಂದೂ ಹೇಳಿದೆ.

ಸೋಮವಾರ ಅವರು ನಿನ್ನನ್ನು ಬಾಗಿಲಲ್ಲೇ ತಡೆದರು. "ಯಾರ ಹೇಳಿದ್ರು?" ಎಂದು ನೀನು ಕೇಳಿದ್ದಕ್ಕೆ, "ಅದ ನಿನಗ್ಯಾಕ ಬೇಕು?" ಎಂದಷ್ಟೇ ಗದರಿದರು. ಗೊತ್ತಿದ್ದವಳು ಮನಿಷಾ ಒಬ್ಬಳೇ ಎಂದು ನೀನು ತಿಳಿದೆ. ಫೋನಿನಲ್ಲಿ ಅವಳಿಗೆ ನೀನು ಅಂದ ಮಾತುಗಳು — ಅವೂ ನನಗೆ ತಿಳಿದವು. ನಾನು ತಲೆ ತಗ್ಗಿಸಿ ಅಕ್ಕಿ ಆರಿಸುತ್ತ ಕೂತೆ.

ಅಂದು ಸಂಜೆಯೂ ನೀನು ಕೆಂಪು ಕಣ್ಣಲ್ಲೇ ಬಂದು ಕೂತು, ನನಗೆಂದು ನಗೆಮಾತು ಬಿಡಿಸಿ ಹೇಳಿದೆ. ನಡುವೆ, "ಯವ್ವಾ, ಮನಿಷಾ ಯಾಕ ಹಿಂಗ ಮಾಡಿದ್ಳ?" ಎಂದು ಕೇಳಿದೆ.

"ಹೋಗ್ಲಿ ಬಿಡ, ತಂಗಿ" ಎಂದೆ ನಾನು.

ನೀನು ಇಲ್ಲೇ ಬಿ.ಎ. ಮುಗಿಸಿ, ಮದುವೆಯಾಗಿ ಅಥಣಿಗೆ ಹೋದೆ. ನೀವಿಬ್ಬರೂ ಮತ್ತೆ ಮಾತಾಡಲಿಲ್ಲ. ಅದು ನನ್ನ ಕೆಲಸ, ನಿನ್ನ ತಪ್ಪಲ್ಲ.

ಮನಿಷಾ ಈಗ ದಿಗ್ಗೇವಾಡಿಯಲ್ಲಿದ್ದಾಳೆ, ನರ್ಸ್ ಆಗಿದ್ದಾಳೆ. ನಿನ್ನೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಕೇಳಿದ್ದು ಒಂದೇ ಮಾತು:

"ಅಶ್ವಿನಿಗಿ ಮಕ್ಕಳೆಷ್ಟರಿ, ಕಾಕು?"

ಆ ಉತ್ತರವನ್ನು ನಿನಗೇ ಬಿಟ್ಟು ಎದ್ದು ಬಂದೆ. ನನ್ನನ್ನು ಕ್ಷಮಿಸುವುದು, ಬಿಡುವುದು ಆಮೇಲಿನ ಮಾತು. ಮೊದಲು ಮಕ್ಕಳನ್ನು ಕರೆದುಕೊಂಡು ಅವಳ ಮನೆಗೆ ಹೋಗು.