ಲ್ಯಾಪ್‌ಟಾಪಿಗೊಂದು ಕೂಲರ್

ಹೋದ ಬೇಸಿಗೆಯಲ್ಲಿ ನಮ್ಮ ಮನೆಯೊಳಗೆ ಎಲ್ಲರಿಗಿಂತ ಹೆಚ್ಚು ಆರೈಕೆ ಮಾಡಿಸಿಕೊಂಡದ್ದು ನನ್ನ ಲ್ಯಾಪ್‌ಟಾಪು. ಇವಳು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದಾಳೆ ಎಂದು ನಿಮಗೆ ಅನಿಸಿದರೆ ಅದು ಸರಿಯೇ. ಒಂದು ಯಂತ್ರವನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಮಟ್ಟಕ್ಕೆ ಮನುಷ್ಯರು ಇಳಿಯಬಾರದು, ನಿಜ. ಆದರೆ ಬಸವನ ಬಾಗೇವಾಡಿಯ ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ ಕೂತವಳು ಯಾವ ಮಟ್ಟಕ್ಕೂ ಇಳಿದಾಳು.

ನಾನು ಮನೆಯಲ್ಲೇ ಕೂತು ಕನ್ನಡ ಟೈಪು ಮಾಡಿಕೊಡುವವಳು. ಮುದ್ದೇಬಿಹಾಳದವರ ಲಗ್ನಪತ್ರಿಕೆ, ಇಂಡಿ ತಾಲೂಕಿನ ಯಾವುದೋ ಸಂಘದ ಸ್ಮರಣ ಸಂಚಿಕೆ, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಆಗ ಕೈಯಲ್ಲಿದ್ದದ್ದು ಸಿಂದಗಿಯ ಒಬ್ಬ ನಿವೃತ್ತ ಅಧಿಕಾರಿಯ ಆತ್ಮಕಥೆ. ನೌಕರಿಯಲ್ಲಿದ್ದಾಗ ಒಂದು ಸಹಿಗೆ ಎಂಟು ದಿನ ತೆಗೆದುಕೊಳ್ಳುವವರು ನಿವೃತ್ತರಾದ ಮೇಲೆ ಬರೆಯುವ ವೇಗವನ್ನು ನೀವು ನೋಡಬೇಕು. ಅವರ ಪುಸ್ತಕದಲ್ಲಿ ವರ್ಗವಾದ ಊರುಗಳಿದ್ದವು, ಮೇಲಧಿಕಾರಿಗಳಿಗೆ ಕೊಟ್ಟ ಖಡಕ್ ಉತ್ತರಗಳಿದ್ದವು. ಹೆಂಡತಿ ಬರುತ್ತಿದ್ದದ್ದು ಕಡೆಯ ಪುಟದಲ್ಲಿ, ಪ್ರೆಸ್ಸಿನವರ ಬೆನ್ನಿಗೆ, ಕೃತಜ್ಞತೆಯ ಅರ್ಧ ಸಾಲಿನಲ್ಲಿ. ಅವರ ಕೈಬರಹದಲ್ಲಿ ಆಕೆಯ ಹೆಸರು ಶಾಂತಾ ಎಂದೋ ಕಾಂತಾ ಎಂದೋ ತಿಳಿಯದೆ ಫೋನು ಮಾಡಿ ಕೇಳಿದೆ. ಅವರಿಗೆ ಸಿಟ್ಟು ಬಂತು. "ಮೊದ್ಲ ನನ್ನ ಪ್ರಮೋಷನ್ನಿಂದು ಮುಗಸ್ರಿ ಬಾಯಾರ. ಅದು ಕಡೀ ಪುಟ ಐತಿ, ಆಮ್ಯಾಲೆ ನೋಡೂಣು" ಅಂದರು.

ಈ ಕೆಲಸಕ್ಕೆ ನನಗೊಂದು ಜಾಗ ಬೇಕು ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಮಾಳಿಗೆಯ ಮೇಲೆ ಶೇಂಗಾ ಚೀಲ ಇಡಲು ಕಟ್ಟಿಸಿದ್ದ ತಗಡಿನ ಖೋಲಿ ಸಿಕ್ಕಿತು. ಚೀಲಗಳು ಹೊರಬಿದ್ದವು, ನಾನು ಒಳಗೆ ಹೋದೆ. ನನ್ನ ತವರು ಕೊಲ್ಹಾರ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನಲ್ಲಿ ನಮ್ಮದು ಕಲ್ಲುಮಣ್ಣಿನ ಗೋಡೆಯ ಮನೆ. ಗೋಡೆಯ ದಪ್ಪ ಎಷ್ಟಿತ್ತೆಂದರೆ ಕಿಟಕಿಯ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಿತ್ತು. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ನೆಲದಡಿ ಕಾಳು ತುಂಬಿಡುವ ಹಗೇವಿನ ತಂಪು. ಅಂಥ ಮನೆಯಲ್ಲಿ ಬೆಳೆದವಳಿಗೆ ತಗಡು ಎಂದರೇನು ಎಂಬುದೇ ಗೊತ್ತಿರಲಿಲ್ಲ. ಮಧ್ಯಾಹ್ನ ಅದು ಟಣ್ ಟಣ್ ಎಂದು ಸದ್ದು ಮಾಡುತ್ತ ಹಿಗ್ಗುತ್ತಿತ್ತು. ಕೆಳಗೆ ಕೂತ ನಾನು ಕುಗ್ಗುತ್ತಿದ್ದೆ. ಮೈತುಂಬ ಬೆವರುಸಾಲೆ. ಒಮ್ಮೆ ಮೂಗಿನಿಂದ ರಕ್ತ ಬಂತು. ಕೂಲರ್ ಬೇಕೆಂದು ನಮ್ಮವರಿಗೆ ಹೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೇನ ಮಳಿ ಬಂತಲ್ಲ, ಮುಂದಿನ ವರ್ಷ ನೋಡೂಣು." ನಮ್ಮವರು ಕೆಟ್ಟವರಲ್ಲ. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿಬರುವ ದಣಿವು. ದಣಿದವರ ಮುಂದೆ ದಣಿವಿನ ಮಾತು ಎತ್ತಬಾರದು ಎಂದು ನಾನೂ ಸುಮ್ಮನಾಗುತ್ತಿದ್ದೆ. ಹಾಗೆ ವರ್ಷಗಳು ಹೋದವು.

ಹೋದ ಏಪ್ರಿಲ್‌ನಲ್ಲಿ, ಅಧಿಕಾರಿಗಳ ಪ್ರಮೋಷನ್ ಇನ್ನೇನು ಆಗಬೇಕು ಎನ್ನುವಷ್ಟರಲ್ಲಿ ಲ್ಯಾಪ್‌ಟಾಪು ತಟ್ಟನೆ ಆರಿತು. ಕೆಳಗೆ ಕೈ ಇಟ್ಟರೆ ರೊಟ್ಟಿಯ ಹಂಚು. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಹತ್ತುತ್ತಿತ್ತು, ಎರಡು ಪುಟ ಆಗುವುದರೊಳಗೆ ಮತ್ತೆ ಆರುತ್ತಿತ್ತು. ಒಳಗಿನ ಫ್ಯಾನು ಗಿರಣಿಯ ಹಾಗೆ ಗರ್ ಎನ್ನುತ್ತಿತ್ತು. "ಲ್ಯಾಪ್‌ಟಾಪ್ ಬಂದ್ ಆಗೈತ್ರಿ" ಎಂದು ಸಂಜೆ ನಮ್ಮವರಿಗೆ ಹೇಳಿದೆ. ನನಗೆ ಆಶ್ಚರ್ಯವಾಗುವ ಹಾಗೆ ಅವರು ಮರುದಿನವೇ ರಜೆ ಹಾಕಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಮೆಹಬೂಬ ಅದನ್ನು ಬಿಚ್ಚಿ, ಫ್ಯಾನಿನಲ್ಲಿ ಹತ್ತಿಯಂತೆ ಗಿಡಿದುಕೊಂಡಿದ್ದ ಧೂಳು ತೆಗೆದ. ಒಳಗಿನ ಬಿಸಿ ಎಳೆಯುವ ಪೇಸ್ಟನ್ನು ಹೊಸದಾಗಿ ಹಚ್ಚಿ ಮುಚ್ಚಿದ. ಆಮೇಲೆ ನಮ್ಮವರನ್ನು ಕೇಳಿದ:

"ಇದನ್ನ ಎಲ್ಲಿ ಇಡ್ತೀರಿ ಸರ?"

"ಮ್ಯಾಲೆ, ತಗಡಿನ ಖೋಲ್ಯಾಗ."

"ತಗಡಿನ ಕೆಳಗ ಇಟ್ರ ಮಷಿನ್ ಬಾಳಿಕಿ ಬರಂಗಿಲ್ರಿ. ತಂಪಿನ್ಯಾಗ ಇಡ್ರಿ."

"ಮಷಿನ್ ಮುಂದ ಕುಂತಾಕಿ ಬಾಳಿಕಿ ಬರ್ತಾಳೇನ್ರಿ?" ಎಂದು ನಾನು ಕೇಳಿದೆ.

ಮೆಹಬೂಬ ನಕ್ಕ. ನಮ್ಮವರೂ ನಕ್ಕರು. ಹಾಸ್ಯಪ್ರಜ್ಞೆ ಇದೆ ಎಂದು ಹೆಸರಾದ ಹೆಂಗಸಿನ ಕಷ್ಟ ಇದು. ಅವಳು ಏನು ಹೇಳಿದರೂ ಜನ ನಗುತ್ತಾರೆ.

ಎರಡು ದಿನದಲ್ಲಿ ಕೂಲರ್ ಬಂತು. ಆಟೋದಿಂದ ಇಳಿಸುವಾಗ ನಮ್ಮ ಅತ್ತೆ ಬಾಗಿಲಲ್ಲಿ ನಿಂತು "ಯಾರಿಗಪಾ ಇದು?" ಎಂದು ಕೇಳಿದರು. "ಲ್ಯಾಪ್‌ಟಾಪಿಗೆ ಅವ್ವಾ" ಎಂದು ನಮ್ಮವರು ಹೇಳಿದರು. ಆ ಉತ್ತರ ಕೇಳಿ ನಾನು ನೊಂದುಕೊಳ್ಳಲಿಲ್ಲ. ಕೂಲರ್ ಬಂತಲ್ಲ, ಯಾರ ಹೆಸರಿನಲ್ಲಿ ಬಂದರೇನು, ದೇವರಿಗೆ ಎಡೆ ಇಟ್ಟರೂ ಉಣ್ಣುವವರು ನಾವೇ ತಾನೆ ಎಂದುಕೊಂಡೆ. ಆದರೆ ನಮ್ಮವರು ಫೋನಿನಲ್ಲಿ ಏನೋ ಓದಿಕೊಂಡು ಬಂದು, ಕೂಲರಿನಲ್ಲಿ ನೀರು ಹಾಕಬಾರದು ಎಂದರು. ತೇವದ ಗಾಳಿ ಹೊಕ್ಕರೆ ಮಷಿನ್ನಿನ ಒಳಗೆ ಕೆಡುತ್ತದಂತೆ. ನೀರಿಲ್ಲದ ಕೂಲರ್ ಎಂದರೆ ಏನು ಗೊತ್ತೆ? ಹೊರಗಿನ ಬಿಸಿಗಾಳಿಯನ್ನು ಜೋರಾಗಿ ಒಳಗೆ ತಂದು ಮುಖಕ್ಕೆ ಎರಚುವ ಡಬ್ಬಿ. ಅದೂ ನನ್ನ ಮುಖಕ್ಕಲ್ಲ, ಲ್ಯಾಪ್‌ಟಾಪಿನ ಮುಖಕ್ಕೆ. ಇಂಡಿಯಿಂದ ನಾದಿನಿ ಫೋನು ಮಾಡಿ "ವೈನಿ, ಲ್ಯಾಪ್‌ಟಾಪ್ ಈಗ ಹೆಂಗೈತಿ?" ಎಂದು ವಿಚಾರಿಸಿದಳು. ಆರಾಮಾಗಿದೆ ಎಂದೆ. ಮೊಣಕಾಲು ನೋವೆಂದು ವರ್ಷಗಟ್ಟಲೆ ಮೆಟ್ಟಿಲು ಹತ್ತದ ಅತ್ತೆ ಒಂದು ದಿನ ನಿಧಾನಕ್ಕೆ ಮೇಲೆ ಬಂದು, ಕೂಸಿನ ಹಣೆ ಮುಟ್ಟಿದ ಹಾಗೆ ಅದನ್ನು ಮುಟ್ಟಿ, "ಇನ್ನೂ ಕಾಯ್ದೈತಲ್ಲ" ಎಂದರು. ಆಮೇಲೆ ಖೋಲಿಯನ್ನೆಲ್ಲ ಒಮ್ಮೆ ನೋಡಿ, ತಲೆಯೆತ್ತಿ ತಗಡನ್ನು ನೋಡಿ ಇಳಿದು ಹೋದರು.

ಕಾಯುವುದು ಎಂಬ ನಮ್ಮ ಮಾತೇ ವಿಚಿತ್ರ. ಹಂಚು ಒಲೆಯ ಮೇಲೆ ಕಾಯುತ್ತದೆ. ಬಸ್ಸಿಗಾಗಿ ನಾವು ಕಾಯುತ್ತೇವೆ. ಹೊಲವನ್ನು ಆಳು ಕಾಯುತ್ತಾನೆ. ಬಿಸಿಯಾಗುವುದು, ದಾರಿ ನೋಡುವುದು, ಜೋಪಾನ ಮಾಡುವುದು, ಮೂರಕ್ಕೂ ಕನ್ನಡದಲ್ಲಿ ಒಂದೇ ಶಬ್ದ. ಪಂಡಿತರು ಇವು ಬೇರೆ ಬೇರೆ ಧಾತು ಎನ್ನಬಹುದು. ನನ್ನ ಅನುಮಾನವೇನೆಂದರೆ, ಈ ಮೂರನ್ನೂ ಏಕಕಾಲಕ್ಕೆ ಮಾಡುತ್ತಿದ್ದ ಯಾರೋ ಹೆಂಗಸು, ಪ್ರತಿಯೊಂದಕ್ಕೂ ಬೇರೆ ಶಬ್ದ ಹುಡುಕಲು ಪುರಸತ್ತಿಲ್ಲದೆ, ಒಂದರಲ್ಲೇ ಮುಗಿಸಿರಬೇಕು.

ಮೇ ತಿಂಗಳು, ಸಾಲೆಗೆ ಸೂಟಿ. ನಾದಿನಿ ಮಕ್ಕಳನ್ನು ಕರೆದುಕೊಂಡು ಇಂಡಿಯಿಂದ ಬಂದಳು. ಬಂದವರಿಗೆಂದೇ ನಮ್ಮಲ್ಲಿ ಹೊರಗಿನ ಖೋಲಿ ಒಂದಿದೆ. ಬಡಗಣ ದಿಕ್ಕಿಗೆ ಕಿಟಕಿ, ಕಿಟಕಿಯ ಹೊರಗೆ ಬೇವಿನ ಮರ. ವರ್ಷದಲ್ಲಿ ಹತ್ತು ತಿಂಗಳು ಅದಕ್ಕೆ ಕೀಲಿ ಹಾಕಿರುತ್ತದೆ, ಕೀಲಿಕೈ ಅತ್ತೆಯ ಸೊಂಟದಲ್ಲಿ. ಕೂಲರನ್ನು ಆ ಖೋಲಿಗೆ ಇಳಿಸಿದರು. ಅದರ ಬೆನ್ನಿಗೆ ನಮ್ಮವರು ಲ್ಯಾಪ್‌ಟಾಪನ್ನೂ ಕೆಳಗೆ ತಂದು ಪಡಸಾಲೆಯ ಮೇಜಿನ ಮೇಲಿಟ್ಟರು. "ಮಷಿನ್ ಇಲ್ಲೇ ಇರ್ಲಿ. ನೀ ಇಲ್ಲೇ ಕುಂತು ಮಾಡು" ಎಂದರು. ಪಡಸಾಲೆಯಲ್ಲಿ ಟಿವಿ ಇತ್ತು, ಮಕ್ಕಳ ಕುಣಿತ ಇತ್ತು, ಬಂದುಹೋಗುವವರಿಗೆಲ್ಲ ಚಹಾ ಇತ್ತು. ಒಂದು ದಿನ ಪ್ರಮೋಷನ್ ಅಧ್ಯಾಯದ ನಡುವೆ "ಜೀರಿಗೆ ಪಾವು ಕಿಲೋ" ಎಂದು ಟೈಪು ಮಾಡಿದ್ದೆ. ಸಿಂದಗಿಯ ಅಧಿಕಾರಿಗಳಿಗೆ ಅದು ಇಷ್ಟವಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದರು.

ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. ನಸುಕಿನಲ್ಲಿ ಲ್ಯಾಪ್‌ಟಾಪನ್ನು ಮೇಲೆ ಒಯ್ದು, ಬಿಸಿಲು ಏರುವುದರೊಳಗೆ ಇಳಿಸಿ ತರುವುದು. ಎಲ್ಲ ಉಪಾಯಗಳ ಹಾಗೆ ಇದೂ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಕೆಲಸ ಚೆನ್ನಾಗಿ ಸಾಗಿತ್ತೆಂದು ಮೈಮರೆತು ಮಧ್ಯಾಹ್ನದವರೆಗೆ ಕೂತೆ. ಎದ್ದಾಗ ಕಣ್ಣಿಗೆ ಕತ್ತಲೆ ಬಂತು. ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಮೆಟ್ಟಿಲಿಳಿಯುತ್ತಿದ್ದೆ, ಗೋಡೆ ಹಿಡಿಯಲು ಕೈ ಬಿಡುವಿರಲಿಲ್ಲ. ಬಿದ್ದೆ.

ಅಂದು ರವಿವಾರ, ನಮ್ಮವರು ಮನೆಯಲ್ಲಿದ್ದರು. ಓಡಿ ಬಂದರು. ಅವರ ಬಾಯಿಂದ ಬಂದ ಮೊದಲ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಲ್ಯಾಪ್‌ಟಾಪ್ ಬಿತ್ತೇನು?"

ಈ ಮಾತನ್ನು ನಾನು ಜೀವಮಾನವಿಡೀ ಅವರ ಮುಂದೆ ಎತ್ತಿ ಆಡಬಹುದಿತ್ತು. ಒಂದು ಸಂಸಾರಕ್ಕೆ ಅಷ್ಟು ಸಾಕು. ಆದರೆ ನನ್ನ ದುರ್ದೈವ ನೋಡಿ, ಸರಿಯಾಗಿ ಅದೇ ಗಳಿಗೆಗೆ ನಾನೂ ಕಣ್ಣು ಬಿಟ್ಟು ಕೇಳಿದ್ದು ಅದನ್ನೇ: "ಲ್ಯಾಪ್‌ಟಾಪಿಗೆ ಏನೂ ಆಗಿಲ್ಲಲ್ರೀ?" ಅದಕ್ಕೆ ಏನೂ ಆಗಿರಲಿಲ್ಲ. ನನ್ನ ಎಡಗೈ ಮುರಿದಿತ್ತು. ಪ್ಲಾಸ್ಟರು ಹಾಕಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನನ್ನು ನೋವಿಗಿಂತ ಹೆಚ್ಚು ಕಾಡಿದ್ದು ಇದು. ಅವರು ನನ್ನನ್ನು ಕೇಳಲಿಲ್ಲವೆಂದು ಸಿಟ್ಟಾಗಲು ಹೋದರೆ, ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ಸಂಜೆ ಅತ್ತೆ ನನ್ನ ಹತ್ತಿರ ಬಂದು ಕೂತರು. ಬಹಳ ಹೊತ್ತು ಪ್ಲಾಸ್ಟರನ್ನೇ ನೋಡುತ್ತಿದ್ದರು.

"ನಮ್ಮ ಹಳೀ ಅಡಗಿಮನಿಗೆ ಖಿಡಕಿ ಇರ್ಲಿಲ್ಲ ಗಿರಿಜಾ" ಎಂದರು. "ಒಂದ್ ಖಿಡಕಿ ಒಡಸ್ರಿ ಅಂತ ನಿಮ್ಮ ಮಾವಗ ಭಾಳ ಸಲ ಹೇಳಿದ್ನಿ. ಒಡಸ್ಲಿಲ್ಲ."

"ಯಾಕ್ರಿ ಅತ್ತಿ?"

"ಝಳಕ್ಕ ಕೆಡೂ ಅಂಥ ಸಾಮಾನ ಅದರಾಗ ಏನೂ ಇರ್ಲಿಲ್ಲ. ನಾ ಒಬ್ಬಾಕಿನ ಇದ್ನಿ."

ಅವರು ನಗಲಿಲ್ಲ. ನಾನೂ ನಗಲಿಲ್ಲ. ನಾದಿನಿ ಇಂಡಿಗೆ ಹೋದ ಮರುದಿನ ಅತ್ತೆ ಸೊಂಟದಿಂದ ಕೀಲಿಕೈ ತೆಗೆದು ಹೊರಗಿನ ಖೋಲಿ ತೆರೆದು, ನನ್ನ ಮೇಜು ಅಲ್ಲಿಗೆ ತರಿಸಿದರು. ನಮ್ಮವರು ಅನುಮಾನಿಸಿದರು: "ಬಂದವರು ಎಲ್ಲಿ ಮಲಗಬೇಕವ್ವಾ?"

"ಪಡಸಾಲ್ಯಾಗ ಮಲಗ್ಲಿ. ಬಂದವರು ನಾಕ ದಿನ ಇದ್ದು ಹೋಗ್ತಾರ. ಈಕಿ ಎಲ್ಲಿ ಹೋಗ್ತಾಳ?"

ನಮ್ಮವರು ಸ್ವಲ್ಪ ಯೋಚನೆ ಮಾಡಿ, "ಹೌದು, ಮಷಿನ್ನಿಗೂ ಛಲೋ ಆಕ್ಕತಿ" ಎಂದು ಒಪ್ಪಿಕೊಂಡರು. ಅವರಿಗೆ ಒಪ್ಪಲು ಅದೊಂದು ಆಧಾರ ಬೇಕಿತ್ತು, ಇರಲಿ ಎಂದು ಬಿಟ್ಟೆ. ಅಧಿಕಾರಿಗಳ ಪುಸ್ತಕವನ್ನು ಆ ಖೋಲಿಯಲ್ಲಿಯೇ, ಬಲಗೈಯೊಂದರಿಂದ ಮುಗಿಸಿಕೊಟ್ಟೆ. ಅವರ ಹೆಂಡತಿಯ ಹೆಸರು ಶಾಂತಾ ಎಂದು ಆಕೆಗೇ ಫೋನು ಮಾಡಿ ಕೇಳಿ ತಿಳಿದುಕೊಂಡೆ.

ಈಗ ಲ್ಯಾಪ್‌ಟಾಪು ಆರುವುದಿಲ್ಲ. ಆದರೆ ಅದು ಆರುತ್ತಿದ್ದ ದಿನಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅದಕ್ಕಾಗಿ ರಜೆ ಹಾಕಿದರು, ಕೂಲರ್ ತಂದರು, ಏಕೆ? ಅದು ನಿಂತುಬಿಟ್ಟಿತು, ಅದಕ್ಕೆ. ನಾನು ಕಾಯ್ದಾಗಲೂ ನಡೆಯುತ್ತಲೇ ಇದ್ದೆ. ಮೂಗಿನ ರಕ್ತ ಒರೆಸಿಕೊಂಡು ಮುಂದಿನ ಪುಟ ಟೈಪು ಮಾಡಿದ್ದೆ. ನಡೆಯುತ್ತಿರುವುದನ್ನು ಯಾರೂ ರಿಪೇರಿಗೆ ಒಯ್ಯುವುದಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮವರ ಆಫೀಸಿನ ಇಬ್ಬರು ಮನೆಗೆ ಬಂದರು. ನಾನು ಖೋಲಿಯಲ್ಲಿ ಕೆಲಸ ಮಾಡುತ್ತಿದ್ದೆ, ತಲೆ ಸಿಡಿಯುತ್ತಿತ್ತು. "ಚಾ ಆಗ್ಲಿ" ಎಂದು ಪಡಸಾಲೆಯಿಂದ ಕೂಗು ಬಂತು. ಏಳಲು ಹೋದವಳು ಏಳಲಿಲ್ಲ. "ನನಗ ಝಳ ಹತ್ತೈತ್ರಿ, ಒಂದ್ ತಾಸು ಬಂದ್ ಆಗೇನಿ" ಎಂದು ಹೇಳಿ, ಬಾಗಿಲು ಮುಚ್ಚಿ, ಚಾಪೆ ಹಾಸಿ ಮಲಗಿದೆ.

ಬಂದವರಲ್ಲಿ ಒಬ್ಬರು "ಯಾಕ್ರಿ, ಆರಾಮಿಲ್ಲೇನು?" ಎಂದು ಕೇಳಿದ್ದು, ನಮ್ಮವರು "ಹಂಗೇನಿಲ್ರಿ, ಬಿಸಲ ಭಾಳ ಐತಲ್ಲ" ಎಂದದ್ದು ಕೇಳಿಸಿತು. ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದುಕೊಂಡವು.

"ಅವ್ವಾ, ಚಾಪುಡಿ ಎಲ್ಲಿ ಐತಿ?"

ಅತ್ತೆಯ ದನಿ ಒಳಗಿನ ಖೋಲಿಯಿಂದ ಬಂತು, ನಿದ್ದೆಯದ್ದಲ್ಲ, ಪೂರ್ತಿ ಎಚ್ಚರದ ದನಿ.

"ನನಗ ಕೇಳಬ್ಯಾಡಪಾ. ನಾನೂ ಬಂದ್ ಆಗೇನಿ."