ಎರಡೂ ಕಾಲಿಗೆ ಒಂದೇ ದಾರ

ಮೊದಲು ಕೇಳಿಸುತ್ತಿದ್ದದ್ದು ಅಂಗೈಯ ಸಪ್ಪಳ. ಮಗಳ ಮೈಗೆ ಎಣ್ಣೆ ಹಚ್ಚಲು ಬರುತ್ತಿದ್ದ ಆಕಿ ಎಣ್ಣೆ ಮುಟ್ಟುವ ಮುಂಚೆ ಎರಡೂ ಕೈ ಜೋಡಿಸಿ ಸರ್ ಸರ್ ಅಂತ ತಿಕ್ಕಿಕೊಳ್ಳುತ್ತಿದ್ದಳು. ಹತ್ತಿ ಬಿಡಿಸಿ, ಕಳೆ ಕಿತ್ತು ಗಟ್ಟಿಯಾದ ಕೈ. ಯಾರೋ ಒಣಗಿದ ಜೋಳದ ಎಲೆ ಮಡಚುತ್ತಿದ್ದಾರೆ ಅನ್ನುವ ಹಾಗೆ ಕೇಳುತ್ತಿತ್ತು. ನಾನು ಅಡಿಗೆಮನೆಯಲ್ಲಿದ್ದರೂ ಅದು ನನಗೆ ಮುಟ್ಟುತ್ತಿತ್ತು. ಸಪ್ಪಳ ನಿಂತಿತು ಅಂದರೆ ಆ ಕೈ ಮಗಳ ಸೊಂಟದ ಮೇಲೆ ಬಿತ್ತು ಅಂತ. ಆಮೇಲೆ ಮಗಳ ಉಸಿರು, ಉದ್ದಕ್ಕೆ, ಇಡೀ ದಿನ ಹಿಡಿದಿಟ್ಟುಕೊಂಡಿದ್ದನ್ನು ಬಿಟ್ಟ ಹಾಗೆ.

ಮಗಳಿಗೆ ಆಗ ಮೂವತ್ತಾರು. ಎರಡು ಬಸಿರು ಮೂರನೇ ತಿಂಗಳಿಗೇ ಹೋಗಿಬಿಟ್ಟಿದ್ದವು. ಇದು ಮೂರನೆಯದು, ಏಳು ತಿಂಗಳು ತುಂಬಿತ್ತು. ನಮ್ಮ ಮನೆಯಲ್ಲಿ ಆ ಏಳು ಅನ್ನುವ ಅಂಕಿಯನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅಳಿಯ ಕೆಲಸದ ಮೇಲೆ ಬಳ್ಳಾರಿಯಲ್ಲಿ, ಭಾನುವಾರಕ್ಕೊಮ್ಮೆ ಬರುವವರು. ರಾಯಚೂರಿನ ಮನೆಯಲ್ಲಿ ನಾವಿಬ್ಬರೇ. ಅವಳು ದೇವದುರ್ಗದ ಕಾಲೇಜಿನಲ್ಲಿ ಲೆಕ್ಚರರ್. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ರಜೆ ಹಾಕು ಅಂದರೆ, "ಈಗ ಹಾಕಿದರ ಆಮ್ಯಾಲೆ ಕೂಸಿಗೆ ರಜಾ ಎಲ್ಲಿಂದ ತರಲಿ?" ಅನ್ನುತ್ತಿದ್ದಳು. ಮನೆಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಳು. "ಅವ್ವಾ, ಸೊಂಟದಾಗ ಯಾರೋ ಗೂಟ ಹೊಡದಂಗ ಆಗ್ತದ."

ಡಾಕ್ಟರಮ್ಮನನ್ನು ಕೇಳಿದ್ದೆವು. ಮೆತ್ತಗೆ ಮಸಾಜ್ ಮಾಡಿಸಿ, ಎಡ ಮಗ್ಗುಲಿಗೆ ಮಲಗಲಿ, ಹೊಟ್ಟೆಯ ತಂಟೆಗೆ ಹೋಗಬೇಡಿ, ಒತ್ತಬೇಡಿ, "ಓನ್ಲಿ ಫಾರ್ ಕಂಫರ್ಟ್" ಅಂದಿದ್ದರು. ಆದರೆ ಮಾಡುವವರು ಯಾರು? ಬಾಣಂತಿಗೆ ಎಣ್ಣೆ ಹಚ್ಚಿ ಎರೆಯುವವರು ನಮ್ಮ ಕಡೆ ಓಣಿಗೊಬ್ಬರು ಸಿಗುತ್ತಾರೆ, ಬಸುರಿ ಮೈಗೆ ಕೈ ಹಚ್ಚಲು ಮಾತ್ರ ಹಿಂದೇಟು. ಕೊನೆಗೆ ಮಗಳ ಕಾಲೇಜಿನವರೊಬ್ಬರು ಮಸರಕಲ್ಲಿನ ಈ ಹೆಂಗಸಿನ ಸುದ್ದಿ ಹೇಳಿದರು. ಅರವತ್ತರ ಆಸುಪಾಸು, ಸಣ್ಣ ದೇಹ, ದೊಡ್ಡ ಕೈ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು. ಆ ಮೂರು ದಿನ ಮಗಳ ಕ್ಲಾಸುಗಳು ಬೇಗ ಮುಗಿಯುತ್ತಿದ್ದವು, ಮಧ್ಯಾಹ್ನಕ್ಕೇ ಮನೆಗೆ ಬಂದುಬಿಡುತ್ತಿದ್ದಳು. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ಅಂತ ಗೊತ್ತಾದ ದಿನದಿಂದ ಆಕಿಗೆ ನಾನು "ಅಕ್ಕೋರು". ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು.

ಕುಸುಬಿ ಎಣ್ಣೆ. ಬಾಣಂತಿಗಾದರೆ ಬಿಸಿ, ಬಸುರಿಗೆ ಉಗುರುಬೆಚ್ಚಗೆ, ಅದನ್ನೂ ತನ್ನ ಮೊಣಕೈಗೆ ಸವರಿ ನೋಡಿಯೇ. ಮಗಳನ್ನು ಎಡ ಮಗ್ಗುಲಿಗೆ ಮಲಗಿಸಿ ಮೊಣಕಾಲುಗಳ ನಡುವೆ ಹಳೇ ಕೌದಿ ಮಡಚಿ ಇಡುವಳು, ಹೊಟ್ಟೆಯ ಕೆಳಗೊಂದು ತೆಳ್ಳನೆಯ ದಿಂಬು. ಬೆನ್ನೆಲುಬಿನ ಮೇಲೆ ಬೆರಳಿಡುತ್ತಿರಲಿಲ್ಲ. ಅದರ ಎರಡು ದಂಡೆಗುಂಟ ಹೆಬ್ಬೆರಳು ಕೆಳಗಿಳಿಯುತ್ತಿತ್ತು, ನಡೆದಷ್ಟು ನಿಧಾನ. ಮಗಳು ಎಷ್ಟೋ ಸಲ ನಡುವೆಯೇ ನಿದ್ದೆ ಹೋಗುವಳು. ಆಗ ಆಕಿ ಕೈ ತೆಗೆಯದೆ ಹಾಗೇ ಇಟ್ಟುಕೊಂಡು ಕೂತಿರುವಳು. "ಕೈ ತಗದರ ಎಚ್ಚರ ಆಗ್ತಾಳ್ರಿ," ಅನ್ನುವಳು ಪಿಸುಮಾತಿನಲ್ಲಿ.

ಇಷ್ಟಕ್ಕೂ ಮೊದಲು ಒಂದು ಕೆಲಸ ಇತ್ತು. ಎಲೆಅಡಿಕೆ ಚಂಚಿಯಿಂದ ಆಕಿ ಒಂದು ದಾರ ತೆಗೆಯುವಳು, ಕೌದಿ ಹೊಲಿಯುವ ದಪ್ಪ ಬಿಳಿ ದಾರ. ಅದನ್ನು ಮಗಳ ಬಲಗಾಲಿನ ಮೀನಖಂಡಕ್ಕೆ ಒಂದು ಸುತ್ತು ಹಾಕಿ, ಕೂಡಿದ ಜಾಗವನ್ನು ಉಗುರಿನಲ್ಲಿ ಹಿಡಿದು, ಬಿಚ್ಚಿ, ಎಡಗಾಲಿಗೆ ಸುತ್ತುವಳು. ಏನೋ ಗೊಣಗುವಳು. ಚಂಚಿಗೆ ಹಾಕುವಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮ್ಮ ಕೈಯಲ್ಲಿ ಕಟ್ಟಿದ ದಾರ ಕಂಡರೆ ಸಿಸ್ಟರ್ ಕತ್ತರಿ ತಂದು ಕತ್ತರಿಸಿ, "ಸಚ್ ನಾನ್‌ಸೆನ್ಸ್" ಅನ್ನುತ್ತಿದ್ದರು. ಆ ಕತ್ತರಿ ನನ್ನ ತಲೆಯಲ್ಲಿ ಇನ್ನೂ ಇತ್ತು.

"ಇದೇನು, ದೃಷ್ಟಿ ತೆಗಿಯೋದಾ?" ಅಂತ ಕೇಳಿದೆ ಒಮ್ಮೆ.

"ಹೂಂ, ಹಂಗ ತಿಳಕೋರಿ," ಅಂದಳು. "ತಿಳದವರಿಗೆ ನಾ ಏನು ತಿಳಿಸಲಿ."

ಮಗಳು ದಿಂಬಿನೊಳಗೆ ಮುಖ ಮುಚ್ಚಿಕೊಂಡು ನಕ್ಕಳು.

ಇನ್ನು ಲೋಟದ ಮಾತು. ಬರೆಯದೇ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇತ್ತು, ಅಂಚು ನೆಗ್ಗಿದ್ದು. ಅತ್ತೆಯ ಕಾಲದಿಂದ ಕೆಲಸಕ್ಕೆ ಬಂದವರಿಗೆ ಅದರಲ್ಲೇ ಚಹಾ. ಅವರೇ ಕುಡಿದು, ಅವರೇ ತೊಳೆದು, ಬೋರಲು ಹಾಕಿ ಹೋಗುವರು. ನಾನು ಅದನ್ನು ಇಟ್ಟವಳಲ್ಲ, ತೆಗೆದವಳೂ ಅಲ್ಲ. ಅತ್ತೆ ಹೋಗಿ ಎಷ್ಟೋ ವರ್ಷ ಆಗಿತ್ತು. ಲೋಟ ಇತ್ತು. ಆಕಿಯೂ ಹಿತ್ತಲ ಬಾಗಿಲಿನಿಂದಲೇ ಬರುತ್ತಿದ್ದಳು, ಅಲ್ಲಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಯಾರೂ ಹೇಳಿರಲಿಲ್ಲ. ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಒಂದು ಶನಿವಾರ ಮಗಳು ತಾನೇ ಎದ್ದು, ನನ್ನ ಹೂವಿನ ಚಿತ್ರದ ಚೀನಾ ಕಪ್ಪಿನಲ್ಲಿ ಆಕಿಗೆ ಚಹಾ ಕೊಟ್ಟಳು. ಅಡಿಗೆಮನೆ ಬಾಗಿಲಲ್ಲಿ ನಿಂತು ನಾನು ಅಂದೆ, "ಅಯ್ಯ, ಆಕಿದು ಲೋಟಾ ಹಿಂದ ಗೂಡಿನಾಗ ಅದ."

ಸಣ್ಣ ದನಿಯಲ್ಲೇ ಅಂದೆ. ಕೇಳಿಸುವಷ್ಟು ಸಣ್ಣ ದನಿ. ಆಕಿ ಹಿತ್ತಲಿಗೆ ಹೋಗಿ, ಕಪ್ಪಿನ ಚಹಾವನ್ನು ಲೋಟಕ್ಕೆ ಸುರಿದುಕೊಂಡು ಕುಡಿದು, ಎರಡನ್ನೂ ತೊಳೆದಿಟ್ಟು ಹೋದಳು.

"ಅವ್ವಾ, ಕ್ಲಾಸಿನಾಗ ಡಿಗ್ನಿಟಿ ಆಫ್ ಲೇಬರ್ ಅಂತ ಎಸ್ಸೇ ಬರಸ್ತಿದ್ದಿಯಲ್ಲ, ಎಷ್ಟು ಮಾರ್ಕ್ಸಿಗೆ ಇತ್ತು ಅದು?" ಅಂದಳು ಮಗಳು.

"ಇದು ಹೈಜೀನ್," ಅಂದೆ ನಾನು.

ಮುಂದಿನ ಮಂಗಳವಾರ ಆಕಿ ಬಂದಳು. ಕೈ ತಿಕ್ಕಿಕೊಂಡಳು, ದಾರ ತೆಗೆದಳು. ಎಣ್ಣೆ ಬಟ್ಟಲು ಹಿಡಿದು ನಾನು ಅಲ್ಲೇ ನಿಂತಿದ್ದೆ. ಬಲಗಾಲಿಗೆ ಸುತ್ತಿ ಎಡಗಾಲಿಗೆ ತಂದ ದಾರ ಈ ಸಲ ಕೂಡಲಿಲ್ಲ, ನಡುವೆ ಬೆರಳಗಲ ಜಾಗ ಉಳಿಯಿತು. ಮತ್ತೊಮ್ಮೆ ಸುತ್ತಿದಳು. ಮುಂಗೈಯನ್ನು ಎಡಗಾಲಿಗೆ ತಾಗಿಸಿ ನೋಡಿದಳು. ಎದ್ದು ನಿಂತಳು.

"ಇವತ್ತು ನಾ ಮುಟ್ಟಂಗಿಲ್ಲ ಅಕ್ಕೋರ. ಈ ಕಾಲು ಬ್ಯಾರೆ ಆಗ್ಯದ. ಬಿಸಿ ಅದ. ಯಾರೂ ತಿಕ್ಕಬ್ಯಾಡ್ರಿ, ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗ್ರಿ."

"ಬಸುರಾದ ಮ್ಯಾಲೆ ಕಾಲು ಬಾಯೋದು ಇದ್ದದ್ದ ಬಿಡು," ಅಂದೆ.

"ಬಾತರ ಎರಡೂ ಬಾಯ್ತಾವ್ರಿ. ಇದು ಒಂದ."

ಚಹಾ ಕೂಡ ಬೇಡ ಅಂದು ಹೊರಟುಬಿಟ್ಟಳು. ಆಗ ನನ್ನ ತಲೆಗೆ ಬಂದದ್ದು ಒಂದೇ, ಇದು ಶನಿವಾರದ ಲೋಟದ ಸಿಟ್ಟು. ನನ್ನ ಮಾತನ್ನು ನೆಪ ಮಾಡಿಕೊಂಡು ನನ್ನ ಮಗಳನ್ನು ಬಿಟ್ಟು ಹೋದಳು. ದಾರದ ಆಟ, ಒಂದು ಕಾಲು ಮುಟ್ಟುವುದಿಲ್ಲ ಅನ್ನುವ ಆಟ. ನನಗೆ ನಾಚಿಕೆಯೂ ಆಗಿತ್ತು, ಈಗ ಒಪ್ಪುತ್ತೇನೆ. ನಾಚಿಕೆ ಆದಾಗ ಸಿಟ್ಟು ಮಾಡಿಕೊಳ್ಳುವುದು ನನ್ನ ಹುಟ್ಟುಗುಣ. ಹೇಗಿದ್ದರೂ ಗುರುವಾರ ಚೆಕಪ್ಪಿಗೆ ಹೋಗುವುದಿತ್ತು, ಆಗ ತೋರಿಸಿದರಾಯಿತು ಅಂದುಕೊಂಡೆ.

ಮಗಳು ಹೇಳಿದಳು, ಬೆಳಿಗ್ಗೆಯಿಂದ ಆ ಮೀನಖಂಡ ಸೆಳೆಯುತ್ತಿದೆ ಅಂತ. ಮೊದಲೇ ಹೇಳಿದರೆ ನಾನು ರಜೆ ಹಾಕಿಸುತ್ತೇನೆ ಅಂತ ಹೇಳಿರಲಿಲ್ಲವಂತೆ. "ತಡಿ, ನಾನೇ ಹಚ್ತೀನಿ," ಅಂದೆ. ಎಣ್ಣೆಯನ್ನು ಇನ್ನಷ್ಟು ಬಿಸಿ ಮಾಡಿ ತಂದೆ. ಸೆರಗು ಸಿಗಿಸಿ ಕೂತು, ಪಾದದ ಕಡೆಯಿಂದ ಮೇಲಕ್ಕೆ ಒತ್ತಿ ಎಳೆದೆ. ಒಂದು ಸಲ. ಮಗಳು ಹಲ್ಲು ಕಚ್ಚಿದಳು. ಎರಡನೇ ಸಲ.

ಮುಂಬಾಗಿಲಿನ ಕಡೆ ಚಪ್ಪಲಿ ಸಪ್ಪಳ ಆಯಿತು. ನಮ್ಮ ಮನೆಯಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಬರುವುದಿಲ್ಲ. ತಲೆ ಎತ್ತುವುದರೊಳಗೆ ನನ್ನ ಮಣಿಕಟ್ಟು ಆಕಿಯ ಕೈಯಲ್ಲಿತ್ತು.

"ಬಿಡ್ರಿ," ಅಂದಳು.

"ನನ್ನ ಮಗಳ ಕಾಲು ಇದು."

"ಹೌದ್ರಿ. ಅದಕ್ಕ ಬಿಡ್ರಿ ಅನ್ನಾಕತ್ತೀನಿ."

ಆ ಹಿಡಿತದಲ್ಲಿ ನನ್ನ ಕೈಯ ಎಣ್ಣೆ ಜಾರಲಿಲ್ಲ. ಆಕಿಯ ಅಂಗೈ ಅಷ್ಟು ಒರಟು. ಎರಡು ತಿಂಗಳಿನಿಂದ ನಮ್ಮ ಮನೆಗೆ ಬರುತ್ತಿದ್ದಳು, ಆಕಿ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆಟೋ ಆಕಿಯೇ ನಿಲ್ಲಿಸಿ ಬಂದಿದ್ದಳು. ದಾರಿಯಲ್ಲಿ ಕೇಳಿದೆ, ಹೋದವಳು ಯಾಕೆ ತಿರುಗಿ ಬಂದಿ ಅಂತ. "ಬಸ್ಸು ಹತ್ತಿ ಕುಂತಿದ್ದೆರಿ. ನಿಮ್ಮ ಮಾರಿ ನೆನಪಾತು. ಅದು ಹೇಳಿದ ಮಾತು ಕೇಳೋ ಮಾರಿ ಅಲ್ಲ ಅಂತ ಇಳದು ಬಂದೆ." ಮಗಳು ಆ ನೋವಿನಲ್ಲೂ, "ಬರೋಬ್ಬರಿ ಹೇಳಿದಿ ಬೇ," ಅಂದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾಡಿದ್ದು ಏನು ಗೊತ್ತೆ? ಡ್ರಾವರಿನಿಂದ ಟೇಪು ತೆಗೆದರು. ಬಲಗಾಲಿನ ಮೀನಖಂಡಕ್ಕೆ ಸುತ್ತಿದರು, ಓದಿಕೊಂಡರು. ಎಡಗಾಲಿಗೆ ಸುತ್ತಿದರು. ನನ್ನ ಪಕ್ಕದಲ್ಲಿ ಆಕಿ ಚಂಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಈ ಕಾಲಿಗೆ ಯಾರಾದರೂ ಮಸಾಜ್ ಮಾಡಿದ್ದಾರಾ?" ಡಾಕ್ಟರಮ್ಮ ಕೇಳಿದರು.

ಇಲ್ಲ ಅನ್ನಲು ನನ್ನ ಬಾಯಿ ತೆರೆದಿತ್ತು.

"ಎರಡು ಸಲ್ರಿ," ಅಂದಳು ಆಕಿ. "ಈ ಅಕ್ಕೋರು ಎಳದಾರ. ಆಮ್ಯಾಲೆ ನಾ ಕೈ ಹಿಡದೆ."

ಸ್ಕ್ಯಾನಿಂಗ್ ಆಯಿತು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಸುರಿನಲ್ಲಿ ಹೀಗಾಗುವ ಸಾಧ್ಯತೆ ಇರುತ್ತದೆ, ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಇನ್ನೂ ಹೆಚ್ಚು ಅಂದರು. ತಿಕ್ಕಿದರೆ ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಹೋದರೆ ತಾಯಿ ಮಗು ಇಬ್ಬರಿಗೂ ಅಪಾಯ. ಇಂಗ್ಲಿಷಿನಲ್ಲಿ ಬಹಳ ಸೌಮ್ಯವಾಗಿ ಹೇಳಿದರು. ನನಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ. ಅವತ್ತು ಆಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಗಳನ್ನು ಅಡ್ಮಿಟ್ ಮಾಡಿಕೊಂಡು ಇಂಜೆಕ್ಷನ್ ಶುರು ಮಾಡಿದರು. ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ನಾನು ಕ್ಯಾಂಟೀನಿನಿಂದ ಎರಡು ಕಾಗದದ ಕಪ್ಪಿನಲ್ಲಿ ಚಹಾ ತಂದೆ. ಆಕಿ ಒಂದು ತೆಗೆದುಕೊಂಡಳು. ಕುಡಿಯುತ್ತ ಹೇಳಿದಳು. ಹಿಂದೆ ತನ್ನ ಅಕ್ಕನ ಮಗಳು ಬಾಣಂತಿ. ಒಂದು ಕಾಲು ಬಾತಿತ್ತು. ನೋವು ಅಂದಳಂತೆ. ಇವಳು ಎರಡು ದಿನ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದಳು. ಮೂರನೇ ದಿನ ಮುಂಜಾನೆ ಹುಡುಗಿ ಗಂಜಿ ಕುಡಿಯುತ್ತ ಕೂತವಳು, ಬಟ್ಟಲು ಕೈಯಲ್ಲಿರುವಾಗಲೇ ಹೋದಳು.

"ಆಕಿ ಹೋದದ್ದು ನನ್ನ ಕೈಯಿಂದ ಅಂತ ಯಾರೂ ಅನ್ನಲಿಲ್ರಿ. ಅನ್ನಾಕ ಯಾರಿಗೂ ಗೊತ್ತಿದ್ದಿಲ್ಲ. ಆದರ ನನ್ನ ಕೈಗೆ ಗೊತ್ತಿತ್ತು. ಆವತ್ತಿಂದ ದಾರ ಇಟಗೊಂಡೀನಿ. ಕಣ್ಣು ಮೋಸ ಮಾಡ್ತಾವ, ದಾರ ಮಾಡಂಗಿಲ್ಲ."

ನಾನು ಹೇಳಿದೆ, ಶನಿವಾರದ ಮಾತಿಗೆ ಸಿಟ್ಟಾಗಿ ಬಿಟ್ಟು ಹೋದಿ ಅಂದುಕೊಂಡೆ ಅಂತ. ಇಂಗ್ಲಿಷಿನಲ್ಲಾದರೆ ಸಾರಿ ಅನ್ನುವುದು ಸುಲಭ. ಕನ್ನಡದಲ್ಲಿ ನನ್ನ ಬಾಯಿಗೆ ಅಷ್ಟೇ ಬಂತು.

ಆಕಿ ಕಪ್ಪಿನೊಳಗೆ ನೋಡಿದಳು. "ಸಿಟ್ಟು ಬಂದಿತ್ರಿ, ಸುಳ್ಳು ಯಾಕ ಹೇಳ್ಲಿ. ಆದರ ಸಿಟ್ಟು ನಿಮ್ಮ ಮ್ಯಾಲ. ಕಾಲು ಆ ಹುಡುಗಿದು."

ಹೆರಿಗೆಯ ಹತ್ತಿರದ ತನಕ ಮಗಳ ಹೊಟ್ಟೆಗೆ ದಿನಾ ಇಂಜೆಕ್ಷನ್, ಆದಮೇಲೂ ಕೆಲವು ವಾರ. ಹೆಣ್ಣು ಕೂಸು, ಕರ್ರಗೆ ಗುಂಡಗೆ, ದೊಡ್ಡ ದನಿ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಆಕಿ ಬಂದಳು, ಮುಂಬಾಗಿಲಿನಿಂದ, ಚಪ್ಪಲಿ ಹೊರಗೆ ಬಿಟ್ಟು. ಡಾಕ್ಟರು ಹೂಂ ಅನ್ನುವ ತನಕ ಮಗಳ ಕಾಲು ಮುಟ್ಟಲಿಲ್ಲ, ದಾರ ಮಾತ್ರ ದಿನಾ ಸುತ್ತುತ್ತಿದ್ದಳು. ಕೂಸಿನ ಎಣ್ಣೆ ಇಡಲು ಒಂದು ಪಾತ್ರೆ ಬೇಕು ಅಂದಾಗ ಮಗಳು ಹಿತ್ತಲಿಗೆ ಹೋಗಿ ಆ ನೆಗ್ಗಿದ ಲೋಟವನ್ನೇ ತಂದುಕೊಟ್ಟಳು. ಈಗಲೂ ಅದು ಬಚ್ಚಲಿನಲ್ಲಿದೆ, ಎಷ್ಟು ತೊಳೆದರೂ ಜಿಡ್ಡು ಹೋಗಿಲ್ಲ.

ಆಕಿಯನ್ನು ನಾನು ಕಡೇ ಸಲ ನೋಡಿದ್ದು ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ. ಮಗಳು ಆಗ ಕಾಲೇಜಿನ ಹತ್ತಿರವೇ ಮನೆ ಮಾಡಿದ್ದಳು. ಮೊಮ್ಮಗಳು ನಡೆಯಲು ಕಲಿತಿದ್ದಾಳೆ ಅಂತ ನೋಡಲು ಹೋಗಿದ್ದೆ. ಹೊರಡಲು ನಿಂತ ಬಸ್ಸಿನ ಕಿಟಕಿಯಿಂದ, "ಅಕ್ಕೋರ," ಅಂತ ಕರೆದಳು. ಗದ್ವಾಲದ ಕಡೆ ತನ್ನ ಮಗಳ ಮನೆಗೆ ಹೊರಟಿದ್ದಳು, ಇನ್ನು ಅಲ್ಲೇ ಇರುವುದಂತೆ. ಹೆಬ್ಬೆರಳಿನ ಗೆಣ್ಣುಗಳು ಬಾತಿದ್ದವು, ಇನ್ನು ಯಾರ ಮೈಗೂ ಕೈ ಹಚ್ಚಲು ಆಗುವುದಿಲ್ಲ ಅಂದಳು. ನನ್ನ ಮಗಳ ಕಾಲು ಹೇಗಿದೆ ಅಂತ ಕೇಳಿದಳು. ಕೂಸಿನದು ಕೇಳಿದಳು. ಆಮೇಲೆ ಸರಳುಗಳ ನಡುವೆ ಬಗ್ಗಿ ನನ್ನನ್ನೇ ನೋಡಿದಳು.

"ನಿಮ್ಮವು ತೋರಸ್ರಿ."

"ಇಲ್ಲೇನು, ಬಸ್ ಸ್ಟ್ಯಾಂಡಿನಾಗ?"

"ಬಸ್ಸು ಬಿಡ್ತದ, ಲಗೂನ ತೋರಸ್ರಿ."

ಕಾನ್ವೆಂಟಿನಲ್ಲಿ ಓದಿದ ನಾನು, ಎಪ್ಪತ್ತರ ಮುದುಕಿ, ಜನರ ನಡುವೆ ಎರಡೂ ಕಾಲು ಜೋಡಿಸಿ ನಿಂತು, ಸೀರೆಯನ್ನು ಮೀನಖಂಡದವರೆಗೆ ಎತ್ತಿದೆ. ಆಕಿ ಅವಸರ ಮಾಡದೆ, ಮೊದಲು ಬಲಗಾಲು, ಆಮೇಲೆ ಎಡಗಾಲು ನೋಡಿದಳು. ಕಂಡಕ್ಟರ್ ಸೀಟಿ ಊದಿದ.

"ಸಮ ಅದಾವ, ಹೋಗ್ರಿ," ಅಂದಳು.